ಇದರ ಇನ್ನೊಂದು ಪ್ರತಿ ಎಲ್ಲಿದೆ?

ಪ್ರಶ್ನೆ: ನಾನು ಚಿತ್ರದುರ್ಗ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ನಮ್ಮ ಕಾಲೇಜು ಶುರುವಾಗಿದ್ದು ಎಪ್ಪತ್ತರ ದಶಕದಲ್ಲಿ. ಹಿಂಬದಿಯ ಒಂದು ಕೋಣೆಯಲ್ಲಿ ಅಡ್ಮಿಷನ್ ರಿಜಿಸ್ಟರು, ಹಾಜರಿ ಪುಸ್ತಕ, ಅಂಕಗಳ ಲೆಡ್ಜರ್, ವಿದ್ಯಾರ್ಥಿಗಳ ಪ್ರಾಜೆಕ್ಟ್ ರಿಪೋರ್ಟು, ಸಿಡಿ, ಉತ್ತರ ಪತ್ರಿಕೆ ಎಲ್ಲ ಒಟ್ಟಿಗೆ ಬಿದ್ದಿವೆ. ಆ ಕೋಣೆ ಈಗ ಸ್ಮಾರ್ಟ್ ಕ್ಲಾಸಿಗೆ ಬೇಕಂತೆ. ಒಂದು ತಿಂಗಳಲ್ಲಿ ಖಾಲಿ ಮಾಡಿಸುವ ಕೆಲಸ ನನಗೆ ಬಂದಿದೆ. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ರದ್ದಿಗೆ ಹಾಕಬಹುದು? ಎಲ್ಲವನ್ನೂ ಸ್ಕ್ಯಾನ್ ಮಾಡಿಸಿದರೆ ಸಾಕಾ?

ಉತ್ತರ: ಮೇಡಂ, ಮೊದಲು ಒಂದು ಮಾತು. ರದ್ದಿಯವರಿಗೆ ಇನ್ನೂ ಫೋನ್ ಮಾಡಬೇಡಿ. ಒಂದು ತಿಂಗಳು ಕಡಿಮೆಯೇನಲ್ಲ, ನಾಲ್ಕು ಜನ ಸೇರಿದರೆ ಕೆಲಸ ಆಗುತ್ತದೆ. ನಾನು ತುಮಕೂರು ಜಿಲ್ಲೆಯಲ್ಲಿ ಮೂವತ್ತು ವರ್ಷ ಕಾಲೇಜು ಗ್ರಂಥಪಾಲಕನಾಗಿದ್ದವನು. ಇಂಥ ಕೋಣೆಯನ್ನು ಎರಡು ಸಲ ಖಾಲಿ ಮಾಡಿದ್ದೇನೆ. ಮೊದಲನೇ ಸಲ ತಪ್ಪು ಮಾಡಿದೆ. ಆ ತಪ್ಪು ಏನು ಅಂತ ಮುಂದೆ ಹೇಳುತ್ತೇನೆ.

ಒಂದೊಂದು ಕಟ್ಟು ಕೈಗೆ ಬಂದಾಗಲೂ ನೀವು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ. ಇದರ ಇನ್ನೊಂದು ಪ್ರತಿ ಎಲ್ಲಾದರೂ ಇದೆಯಾ? ಎಷ್ಟು ಹಳೆಯದು, ಎಷ್ಟು ಚೆನ್ನಾಗಿ ಬೈಂಡ್ ಆಗಿದೆ, ಯಾರಿಗೆ ಎಷ್ಟು ಮಾರ್ಕ್ಸ್ ಬಂದಿತ್ತು ಅನ್ನುವುದೆಲ್ಲ ಆಮೇಲಿನ ಮಾತು. ಬೇರೆ ಕಡೆ ಇದ್ದರೆ ನೀವು ನಿರಾಳವಾಗಿ ಯೋಚಿಸಬಹುದು. ಇಲ್ಲಿ ಬಿಟ್ಟರೆ ಎಲ್ಲೂ ಇಲ್ಲ ಅಂತಾದರೆ ಅದನ್ನು ಕೆಳಗಿಡಬೇಡಿ.

ಅಡ್ಮಿಷನ್ ರಿಜಿಸ್ಟರಿನಿಂದ ಶುರು ಮಾಡೋಣ. ಇದನ್ನು ಯಾವ ಕಾರಣಕ್ಕೂ ಕಳೆಯಬಾರದು. ಅದರಲ್ಲಿ ವಿದ್ಯಾರ್ಥಿಯ ಹೆಸರು, ತಂದೆ ತಾಯಿ ಹೆಸರು, ಹುಟ್ಟಿದ ದಿನಾಂಕ, ಜಾತಿ, ಹಿಂದೆ ಓದಿದ ಶಾಲೆ, ಸೇರಿದ ದಿನ, ಬಿಟ್ಟ ದಿನ ಎಲ್ಲ ಇರುತ್ತದೆ. ಮೂವತ್ತು ನಲವತ್ತು ವರ್ಷದ ಮೇಲೆ ಒಬ್ಬರು ಬಂದು ವ್ಯಾಸಂಗ ಪ್ರಮಾಣ ಪತ್ರ ಕೇಳಿದರೆ ನೀವು ತೆರೆಯುವುದು ಈ ಪುಸ್ತಕವನ್ನೇ. ಟಿಸಿ ಕಳೆದುಕೊಂಡವರಿಗೆ ನಕಲು ಕೊಡಬೇಕಾದರೂ ಇದೇ ಬೇಕು. ಕೋರ್ಟಿನಿಂದ ವಯಸ್ಸಿನ ಬಗ್ಗೆಯೋ ಜಾತಿಯ ಬಗ್ಗೆಯೋ ಪತ್ರ ಬಂದರೂ ಇದನ್ನೇ ಹೊತ್ತುಕೊಂಡು ಹೋಗಬೇಕು. ನಾನೇ ಎರಡು ಸಲ ಬಟ್ಟೆಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗಿದ್ದೇನೆ. ಟಿಸಿ ಪುಸ್ತಕದ ಕಚೇರಿ ಪ್ರತಿಗಳೂ ಇದರ ಜೊತೆಗೇ ಇರಲಿ. ಒಂದರಲ್ಲಿ ಇಲ್ಲದ್ದು ಇನ್ನೊಂದರಲ್ಲಿ ಸಿಗುತ್ತದೆ.

ನಿಮ್ಮ ಜಿಲ್ಲೆಯ ವಿಷಯದಲ್ಲಿ ಇನ್ನೊಂದು ವಿಶೇಷ ಇದೆ, ಗಮನಿಸಿ. ಎಪ್ಪತ್ತರ ದಶಕದಲ್ಲಿ ಚಿತ್ರದುರ್ಗದ ಕಾಲೇಜುಗಳು ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. 1987ರಲ್ಲಿ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯ ಬಂತು, ಕಾಲೇಜುಗಳು ಅಲ್ಲಿಗೆ ಹೋದವು. 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯ ಆಯಿತು, ಮತ್ತೆ ಬದಲಾದವು. ಅಂದರೆ ಕಟ್ಟಡ ಒಂದೇ, ವಿಶ್ವವಿದ್ಯಾಲಯ ಮೂರು. 1984ರಲ್ಲಿ ಬಿ.ಎ. ಮುಗಿಸಿದವರ ಡಿಗ್ರಿ ದಾಖಲೆ ಮೈಸೂರಿನಲ್ಲಿ, 1995ರವರದ್ದು ಶಂಕರಘಟ್ಟದಲ್ಲಿ, ಈಗಿನವರದ್ದು ದಾವಣಗೆರೆಯಲ್ಲಿ. ಪಾಪ, ಹಳೇ ವಿದ್ಯಾರ್ಥಿಗಳಿಗೆ ಎಲ್ಲಿಗೆ ಹೋಗಬೇಕು ಅಂತಲೇ ಗೊತ್ತಿರುವುದಿಲ್ಲ. ಈ ಮೂರೂ ಕಾಲವನ್ನು ಜೋಡಿಸುವ ದಾರ ಕಾಲೇಜಿನ ರಿಜಿಸ್ಟರು ಒಂದೇ. ಯಾವ ವರ್ಷದ ಬ್ಯಾಚು ಯಾವ ವಿಶ್ವವಿದ್ಯಾಲಯದ ಪರೀಕ್ಷೆ ಬರೆಯಿತು ಅಂತ ಒಂದು ಹಾಳೆಯಲ್ಲಿ ಬರೆದು ಆಫೀಸಿನ ಕೌಂಟರಿನ ಮುಂದೆ ಅಂಟಿಸಿ. ವಿಶ್ವವಿದ್ಯಾಲಯ ಬದಲಾದ ಹೊತ್ತಿಗೆ ಅರ್ಧ ಓದಿದ್ದವರು ಹಳೇ ವಿಶ್ವವಿದ್ಯಾಲಯದ ಡಿಗ್ರಿಯನ್ನೇ ಪಡೆದಿರಬಹುದು. ಆದ್ದರಿಂದ ಊಹೆಯ ಮೇಲೆ ಬರೆಯದೆ ಲೆಡ್ಜರ್ ನೋಡಿ ಬರೆಯಿರಿ.

ಅಂಕಗಳ ಲೆಡ್ಜರಿಗೂ, ವಿಶ್ವವಿದ್ಯಾಲಯ ಕಳಿಸಿದ ಫಲಿತಾಂಶದ ಹಾಳೆಗಳಿಗೂ ಇದೇ ಗೌರವ ಕೊಡಿ. ಈಗ ಎಲ್ಲ ಆನ್‌ಲೈನ್ ಅಲ್ವಾ, ಇದು ಯಾಕೆ ಅಂತ ಆಫೀಸಿನಲ್ಲಿ ಯಾರಾದರೂ ಕೇಳಬಹುದು. ಉತ್ತರ ಸುಲಭ. ಅಂಕಪಟ್ಟಿ, ಪ್ರಮಾಣ ಪತ್ರಗಳನ್ನು ಆನ್‌ಲೈನಿನಲ್ಲಿ ಇಡುವ ರಾಷ್ಟ್ರೀಯ ಶೈಕ್ಷಣಿಕ ಡಿಪಾಸಿಟರಿ ಶುರುವಾಗಿದ್ದು 2017ರ ಜುಲೈನಲ್ಲಿ. ಈಗ ಅದು ಡಿಜಿಲಾಕರ್ ಮೂಲಕ ನಡೆಯುತ್ತದೆ. ಡಿಜಿಲಾಕರಿನಲ್ಲಿ ಬಂದ ಅಂಕಪಟ್ಟಿಗೆ ಕಾಗದದ ಮೂಲ ಪ್ರತಿಯಷ್ಟೇ ಬೆಲೆ ಇದೆ, ಇದು ನಿಯಮದಲ್ಲೇ ಇದೆ. ಅದು ಒಳ್ಳೆಯ ವ್ಯವಸ್ಥೆ, ನಾನು ಅದರ ಪರ. ಆದರೆ ಅಲ್ಲಿ ಇರುವುದು ವಿಶ್ವವಿದ್ಯಾಲಯ ಏರಿಸಿದ್ದು ಮಾತ್ರ. 1978ರ ಬ್ಯಾಚಿನವರ ಅಂಕ ಅಲ್ಲಿ ಇರುತ್ತದೆ ಅಂತ ನಂಬಿಕೊಂಡು ಲೆಡ್ಜರ್ ಎಸೆಯುವ ಹಾಗಿಲ್ಲ. ನಮ್ಮ ರಾಜ್ಯದ ಕಾಲೇಜುಗಳ ಅಡ್ಮಿಷನ್, ಪರೀಕ್ಷೆಯ ಆನ್‌ಲೈನ್ ವ್ಯವಸ್ಥೆಯಾದ ಯುಯುಸಿಎಂಎಸ್ ಕೂಡ 2021ರ ಈಚೆಗೆ ಬಂದದ್ದು. ಅದರಲ್ಲಿ ಇಂಟರ್ನಲ್ ಮಾರ್ಕ್ಸ್ ಏರಿಸುತ್ತೀರಲ್ಲ, ಆ ಹಾಳೆಯ ಪ್ರಿಂಟ್ ತೆಗೆದು, ಪ್ರಿನ್ಸಿಪಾಲರ ಸಹಿ ಹಾಕಿಸಿ, ವರ್ಷಕ್ಕೆ ಒಂದರಂತೆ ಬೈಂಡ್ ಮಾಡಿಸಿ ಇಡಿ. ಸಾಫ್ಟ್‌ವೇರ್ ಬದಲಾಗುತ್ತದೆ, ಗುತ್ತಿಗೆ ಬದಲಾಗುತ್ತದೆ, ಪಾಸ್‌ವರ್ಡ್ ಇದ್ದ ಮೇಷ್ಟ್ರು ವರ್ಗವಾಗಿ ಹೋಗುತ್ತಾರೆ. ಕಾಗದ ಅಲ್ಲೇ ಇರುತ್ತದೆ.

ಜನ ಮರೆಯುವ ಇನ್ನೊಂದು ವಸ್ತು ಸಿಲಬಸ್ ಪುಸ್ತಕ. ಹೊರದೇಶಕ್ಕೆ ಓದಲು ಹೋಗುವವರಿಗೆ ಟ್ರಾನ್ಸ್‌ಕ್ರಿಪ್ಟ್ ಜೊತೆಗೆ ಆ ವರ್ಷದ ಪಠ್ಯಕ್ರಮದ ಪ್ರತಿಯನ್ನೂ ಕೇಳುವುದುಂಟು. ನಮ್ಮಲ್ಲಿ ಈಚೆಗೆ ಇದು ಇನ್ನೂ ಮುಖ್ಯವಾಗಿದೆ. ಕರ್ನಾಟಕದಲ್ಲಿ 2021–22ರಿಂದ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಬಂತು. ನಾಲ್ಕನೇ ವರ್ಷದ ಆನರ್ಸ್, ಕ್ರೆಡಿಟ್, ಓಪನ್ ಎಲೆಕ್ಟಿವ್ ಎಲ್ಲ ಬಂದವು. 2024–25ರಿಂದ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ಬಂತು. ಅಂದರೆ ನಡುವೆ ಸೇರಿದ ಮೂರು ಬ್ಯಾಚುಗಳ ಅಂಕಪಟ್ಟಿ ಹಿಂದಿನವರದ್ದಕ್ಕೂ ಹೊಂದುವುದಿಲ್ಲ, ಮುಂದಿನವರದ್ದಕ್ಕೂ ಹೊಂದುವುದಿಲ್ಲ. ಹತ್ತು ವರ್ಷದ ಮೇಲೆ ಒಬ್ಬ ಹುಡುಗ ಕೆಲಸದ ಸಂದರ್ಶನಕ್ಕೆ ಹೋದಾಗ, ನೀನು ಓದಿದ್ದು ಈ ವಿಷಯವೇನಾ ಅಂತ ಕೇಳಿದರೆ ಅವನು ಏನು ತೋರಿಸಬೇಕು? ಆ ಮೂರು ಬ್ಯಾಚುಗಳ ಸಿಲಬಸ್ ಪ್ರತಿಯನ್ನು ಎರಡೆರಡು ಮಾಡಿಸಿ ಇಡಿ ಅಂತ ಕೈಮುಗಿದು ಕೇಳುತ್ತೇನೆ.

ಕೋಣೆಯಲ್ಲಿ ಎಲ್ಲೋ ಒಂದು ಕವರಿನಲ್ಲಿ ವಿದ್ಯಾರ್ಥಿಗಳ ಅಸಲಿ ಅಂಕಪಟ್ಟಿ ಸಿಕ್ಕೇ ಸಿಗುತ್ತವೆ. ಎಸ್ಸೆಸ್ಸೆಲ್ಸಿಯದ್ದು, ಪಿಯುಸಿಯದ್ದು. ಸೇರುವಾಗ ಕೊಟ್ಟು ಆಮೇಲೆ ವಾಪಸ್ ತೆಗೆದುಕೊಳ್ಳದೆ ಹೋದವರು ಇರುತ್ತಾರೆ. ಫೀಸು ಬಾಕಿ ಅಂತ ಕೊಡದೆ ಇಟ್ಟುಕೊಂಡದ್ದೂ ಇರಬಹುದು. ಅಸಲಿ ಪ್ರಮಾಣ ಪತ್ರಗಳನ್ನು ಕಾಲೇಜು ಇಟ್ಟುಕೊಳ್ಳುವ ಹಾಗಿಲ್ಲ ಅಂತ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2018ರಲ್ಲೇ ಹೇಳಿದೆ. ಅವುಗಳ ಪಟ್ಟಿ ಮಾಡಿ. ರಿಜಿಸ್ಟರಿನಲ್ಲಿರುವ ವಿಳಾಸಕ್ಕೆ ಪತ್ರ ಹಾಕಿ. ಊರಿನವರ ಮೂಲಕ ಹೇಳಿ ಕಳಿಸಿ. ನಮ್ಮಲ್ಲಿ ಒಬ್ಬ ಹೆಣ್ಣುಮಗಳು ಹತ್ತೊಂಬತ್ತು ವರ್ಷದ ಮೇಲೆ ಬಂದು ತನ್ನ ಪಿಯುಸಿ ಅಂಕಪಟ್ಟಿ ತೆಗೆದುಕೊಂಡು ಹೋದಳು. ಮದುವೆಯಾಗಿ ಹೋದ ಮೇಲೆ ಓದು ನಿಂತಿತ್ತು. ಅಂಗನವಾಡಿ ಕೆಲಸಕ್ಕೆ ಅರ್ಜಿ ಹಾಕಲು ಅದು ಬೇಕಾಗಿತ್ತು. ಆ ದಿನ ನಮ್ಮ ಅಟೆಂಡರ್ ಮೂರು ಗಂಟೆ ಹುಡುಕಿದ. ಸಿಕ್ಕಿದಾಗ ಅವನ ಮುಖ ನೋಡಬೇಕಿತ್ತು.

ಇನ್ನು ನಿರಾಳವಾಗಿ ಬಿಡಬಹುದಾದವು. ಇಂಟರ್ನಲ್ ಟೆಸ್ಟಿನ ಉತ್ತರ ಪತ್ರಿಕೆ ವರ್ಷಗಟ್ಟಲೆ ಬೇಕಿಲ್ಲ. ಫಲಿತಾಂಶ ಬಂದು, ಮರುಮೌಲ್ಯಮಾಪನದ ಅವಧಿ ಮುಗಿದು, ಯಾವ ತಕರಾರೂ ಬಾಕಿ ಇಲ್ಲ ಅಂತಾದ ಮೇಲೆ ವಿಲೇವಾರಿ ಮಾಡಬಹುದು. ತನ್ನ ಉತ್ತರ ಪತ್ರಿಕೆಯನ್ನು ನೋಡುವ ಹಕ್ಕು ವಿದ್ಯಾರ್ಥಿಗೆ ಇದೆ ಅಂತ ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿದೆ. ಆದರೆ ಇಟ್ಟುಕೊಳ್ಳಬೇಕಾದ ಅವಧಿ ಮುಗಿದ ಮೇಲೂ ಇಡಲೇಬೇಕು ಅಂತ ಅಲ್ಲ. ಹೆಸರು, ನಂಬರು ಇರುವ ಹಾಳೆಗಳನ್ನು ಸುಮ್ನೆ ರದ್ದಿ ಅಂಗಡಿಗೆ ಕೊಡಬೇಡಿ. ಕಡಲೆಕಾಯಿ ಕಟ್ಟಿಕೊಟ್ಟ ಪೊಟ್ಟಣದಲ್ಲಿ ವಿದ್ಯಾರ್ಥಿಯ ಉತ್ತರ ಪತ್ರಿಕೆ ಕಂಡರೆ ಕಾಲೇಜಿನ ಮರ್ಯಾದೆ ಏನಾಗಬೇಕು? ಹರಿದು, ಚೂರು ಮಾಡಿ ಕೊಡಿ. ದಿನದ ಹಾಜರಿ ಪುಸ್ತಕದ್ದೂ ಹೀಗೇ. ವರ್ಷದ ಕೊನೆಯ ಒಟ್ಟು ಹಾಜರಿ ಹಾಳೆ ಉಳಿಸಿಕೊಳ್ಳಿ, ಸ್ಕಾಲರ್‌ಶಿಪ್ ಲೆಕ್ಕಕ್ಕೆ ಬೇಕಾದದ್ದನ್ನು ಆಡಿಟ್ ಮುಗಿಯುವ ತನಕ ಇಡಿ, ಮಿಕ್ಕದ್ದು ಹೋಗಲಿ. ನಿಮ್ಮದು ಸರ್ಕಾರಿ ಕಾಲೇಜಾದರೆ ಕಡತಗಳಿಗೆ ಎ, ಬಿ, ಸಿ, ಡಿ, ಇ ಅಂತ ವರ್ಗ ಇರುತ್ತದೆ. ಎ ಅಂದರೆ ಶಾಶ್ವತ, ಕೆಳಗೆ ಬಂದ ಹಾಗೆ ಅವಧಿ ಕಡಿಮೆ. ಸೂಪರಿಂಟೆಂಡೆಂಟರಿಗೆ ಅದು ಗೊತ್ತಿರುತ್ತದೆ. ಏನೇ ವಿಲೇವಾರಿ ಮಾಡಿದರೂ ಪಟ್ಟಿ ಬರೆದು ಪ್ರಿನ್ಸಿಪಾಲರ ಸಹಿ ಹಾಕಿಸಿಕೊಂಡೇ ಮಾಡಿ. ನೀವು ಅತಿಥಿ ಉಪನ್ಯಾಸಕಿ. ನಾಳೆ ಯಾವುದೋ ಕಾಗದ ಕಾಣಲಿಲ್ಲ ಅಂದರೆ ಮೊದಲು ಬೆರಳು ತೋರಿಸುವುದು ನಿಮ್ಮ ಕಡೆಗೇ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಅದು ಪ್ರಾಜೆಕ್ಟ್ ರಿಪೋರ್ಟುಗಳ ವಿಷಯ.

ಮೊದಲ ಸಲ ಕೋಣೆ ಖಾಲಿ ಮಾಡಿದಾಗ ನಾನು ರಿಜಿಸ್ಟರುಗಳನ್ನೆಲ್ಲ ಜೋಪಾನ ಮಾಡಿದೆ. ವಿದ್ಯಾರ್ಥಿಗಳ ರಿಪೋರ್ಟು ಅಂದರೆ ಎಲ್ಲ ಕಾಪಿ ಹೊಡೆದದ್ದೇ ಅಂತ ಅಂದುಕೊಂಡಿದ್ದೆ. ಸ್ಪೈರಲ್ ಬೈಂಡಿನವು, ಕೈಬರಹದವು, ರೆಕ್ಸಿನ್ ಹೊದಿಕೆಯವು, ಎಲ್ಲ ಸೇರಿಸಿ ಎರಡು ಆಟೋ ತುಂಬ ಕಳಿಸಿದೆ. ಎರಡು ವರ್ಷದ ಮೇಲೆ ಒಬ್ಬ ಹಳೇ ವಿದ್ಯಾರ್ಥಿ ಬಂದ. ಎಂಬತ್ತರ ದಶಕದ ಕೊನೆಯಲ್ಲಿ ಅವನೂ ಅವನ ಮೂರು ಜನ ಗೆಳೆಯರೂ ಭೂಗೋಳದ ಮೇಷ್ಟ್ರ ಜೊತೆ ಸುತ್ತಮುತ್ತಲ ಊರುಗಳಲ್ಲಿ ತೆರೆದ ಬಾವಿಗಳನ್ನು ಅಳೆದಿದ್ದರು. ಯಾವ ಬಾವಿ ಎಷ್ಟು ಆಳ, ಬೇಸಿಗೆಯಲ್ಲಿ ನೀರು ಎಷ್ಟು ಕೆಳಗೆ, ಮಳೆಗಾಲದಲ್ಲಿ ಎಷ್ಟು ಮೇಲೆ, ಯಾರ ಹೊಲದಲ್ಲಿ. ಈಗ ಅವನು ನೀರಿನ ಬಗ್ಗೆಯೇ ಕೆಲಸ ಮಾಡುತ್ತಾನೆ. ಆ ಬಾವಿಗಳಲ್ಲಿ ಜಾಸ್ತಿ ಮುಚ್ಚಿಹೋಗಿವೆ. ಎಲ್ಲ ಕಡೆ ಕೊಳವೆ ಬಾವಿ. ಆ ಹಳೇ ಅಳತೆ ಒಂದು ಸಲ ನೋಡಬೇಕಿತ್ತು ಸಾರ್ ಅಂದ. ನನ್ನ ಹತ್ತಿರ ಕೊಡಲು ಏನೂ ಇರಲಿಲ್ಲ. ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅವತ್ತಿನಿಂದ ನಾನು ಹೇಳುತ್ತಾ ಬಂದಿದ್ದೇನೆ. ಪಿಎಚ್‌.ಡಿ. ಪ್ರಬಂಧಕ್ಕೆ ಮನೆ ಇದೆ. 2009ರಲ್ಲಿ ಯುಜಿಸಿ ನಿಯಮ ಮಾಡಿದ ಮೇಲೆ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಶೋಧಗಂಗಾ ಅನ್ನುವ ಜಾಲತಾಣದಲ್ಲಿ ದೇಶದ ಪಿಎಚ್‌.ಡಿ. ಪ್ರಬಂಧಗಳು ಸೇರುತ್ತಿವೆ. ಕನ್ನಡದಲ್ಲಿ ಬರೆದವೂ ಅಲ್ಲಿ ಸಿಗುತ್ತವೆ, ಯಾರು ಬೇಕಾದರೂ ಕೂತಲ್ಲೇ ಓದಬಹುದು. ನಿಮ್ಮ ಮೇಷ್ಟ್ರುಗಳ ಪ್ರಬಂಧದ ಪ್ರತಿ ಆ ಕೋಣೆಯಲ್ಲಿದ್ದರೆ ಒಂದು ಸಲ ಶೋಧಗಂಗಾದಲ್ಲಿ ಹುಡುಕಿ. ಅಲ್ಲಿ ಇದ್ದರೆ ನಿಮಗೆ ಚಿಂತೆ ಕಡಿಮೆ. ಆದರೆ ಬಿ.ಎ. ಹುಡುಗಿಯ ಗ್ರಾಮ ಸಮೀಕ್ಷೆಗೆ ಅಂಥ ಮನೆ ಇಲ್ಲ. ಗೈಡಿನ ಹತ್ತಿರ ಒಂದು, ಕಾಲೇಜಿನಲ್ಲಿ ಒಂದು, ಅವಳ ಮನೆಯಲ್ಲಿ ಒಂದು. ಗೈಡ್ ನಿವೃತ್ತರಾಗುತ್ತಾರೆ. ಮನೆಯ ಪ್ರತಿ ಅಟ್ಟ ಸೇರುತ್ತದೆ. ಉಳಿಯುವುದು ನಿಮ್ಮ ಕೋಣೆಯದ್ದು.

ಡಿಗ್ರಿ ಹುಡುಗರು ಬರೆದದ್ದು ಸಂಶೋಧನೆಯೇ ಅಂತ ಕೇಳುವವರಿಗೆ ನಾನು ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರ ಕತೆ ಹೇಳುತ್ತೇನೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿ ಮುಂಬೈಗೆ ಹೋದರು. ಅಲ್ಲಿ ಎಂ.ಎ.ಗೆ ಅಂತ ಮೈಸೂರು ಸೀಮೆಯ ಮದುವೆ ಮತ್ತು ಕುಟುಂಬದ ಬಗ್ಗೆ ಪ್ರಬಂಧ ಬರೆದರು. ಅದು 1942ರಲ್ಲಿ ಪುಸ್ತಕವಾಯಿತು. ಅಂದರೆ ವಿದ್ಯಾರ್ಥಿ ದೆಸೆಯ ಬರಹ. ಅವರದ್ದೇ ಇನ್ನೊಂದು ಕತೆಯನ್ನು ನೀವು ಸ್ಕ್ಯಾನ್ ಬಗ್ಗೆ ಯೋಚಿಸುವಾಗ ನೆನಪಿಟ್ಟುಕೊಳ್ಳಿ. 1948ರಲ್ಲಿ ಮೈಸೂರಿನ ಹತ್ತಿರದ ಒಂದು ಹಳ್ಳಿಯಲ್ಲಿದ್ದು ಟಿಪ್ಪಣಿ ಮಾಡಿದರು. ವರ್ಷಗಟ್ಟಲೆ ಕೂತು ಅವನ್ನು ವಿಂಗಡಿಸಿ, ಜೋಡಿಸಿ ಬರೆದಿಟ್ಟುಕೊಂಡರು. 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರು ಕೆಲಸ ಮಾಡುತ್ತಿದ್ದ ಕಟ್ಟಡಕ್ಕೆ ಯಾರೋ ಬೆಂಕಿ ಇಟ್ಟರು. ಜೋಡಿಸಿದ ಟಿಪ್ಪಣಿಗೆ ಮೂರು ಪ್ರತಿ ಇತ್ತು. ಮೂರೂ ಅಲ್ಲೇ ಇದ್ದವು. ಮೂರೂ ಹೋದವು. ಆಮೇಲೆ ಅವರು ಜಾಸ್ತಿ ನೆನಪಿನಿಂದಲೇ ಆ ಹಳ್ಳಿಯ ಬಗ್ಗೆ ಬರೆದರು. ನಮ್ಮ ಹುಡುಗರ ರಿಪೋರ್ಟು ಹೋದರೆ ಹಾಗೆ ನೆನಪಿನಿಂದ ಬರೆಯುವವರು ಯಾರೂ ಇಲ್ಲ.

ಹಾಗಂತ ಎಲ್ಲ ರಿಪೋರ್ಟನ್ನೂ ಇಡಿ ಅಂತ ನಾನು ಹೇಳುತ್ತಿಲ್ಲ. ಜಾಗ ಇಲ್ಲ, ಗೊತ್ತು. ತೆಗೆದು ನೋಡಿದರೆ ನಿಮಗೇ ಗೊತ್ತಾಗುತ್ತದೆ. ಬಿ.ಕಾಂ. ಇಂಟರ್ನ್‌ಶಿಪ್ ವರದಿಗಳಲ್ಲಿ ಕಂಪನಿಯ ವೆಬ್‌ಸೈಟಿನಿಂದ ಎತ್ತಿದ್ದೇ ಜಾಸ್ತಿ ಇರುತ್ತದೆ. ಅದು ಬೇರೆ ಕಡೆ ಇದ್ದೇ ಇದೆ. ಬಿಸಿಎ ಹುಡುಗರ ಲೈಬ್ರರಿ ಮ್ಯಾನೇಜ್‌ಮೆಂಟ್ ಸಿಸ್ಟಂ ಪ್ರಾಜೆಕ್ಟು ಹೆಸರು ಬದಲಿಸಿಕೊಂಡು ವರ್ಷಾ ವರ್ಷ ಬಂದಿರುತ್ತದೆ. ಒಂದೆರಡು ಮಾದರಿಗೆ ಇಟ್ಟರೆ ಸಾಕು. ಪಠ್ಯಪುಸ್ತಕದ ಅಧ್ಯಾಯವನ್ನೇ ಇಳಿಸಿ ಬರೆದ ಸೆಮಿನಾರ್ ಪ್ರಬಂಧಗಳೂ ಹೋಗಲಿ.

ಉಳಿಸಬೇಕಾದದ್ದು ವಿದ್ಯಾರ್ಥಿ ತಾನೇ ಹೋಗಿ, ಕೇಳಿ, ಅಳೆದು, ಎಣಿಸಿ ತಂದದ್ದು. ಇದೊಂದನ್ನು ನೋಡಿಕೊಂಡು ಆರಿಸಿ. ಭಾಷೆ ತಪ್ಪಿರಬಹುದು, ಮುನ್ನುಡಿ ಎರವಲು ತಂದದ್ದಿರಬಹುದು. ಮೊದಲ ಎರಡು ಅಧ್ಯಾಯ ದಾಟಿ ಮೂರನೆಯದಕ್ಕೆ ಹೋಗಿ. ಅಲ್ಲಿ ಕೋಷ್ಟಕ ಇರುತ್ತದೆ, ಪ್ರಶ್ನಾವಳಿ ಇರುತ್ತದೆ, ಕೈಯಲ್ಲಿ ಬಿಡಿಸಿದ ಊರಿನ ನಕ್ಷೆ ಇರುತ್ತದೆ. ನಿಮ್ಮ ಕಡೆಯದ್ದನ್ನೇ ಯೋಚಿಸಿ. ಮೊಳಕಾಲ್ಮೂರಿನ ರೇಷ್ಮೆ ಸೀರೆ ಮಗ್ಗಗಳ ಬಗ್ಗೆ ತೊಂಬತ್ತರ ದಶಕದಲ್ಲಿ ಒಬ್ಬ ಹುಡುಗಿ ಮನೆಮನೆಗೆ ಹೋಗಿ ಮಗ್ಗ ಎಣಿಸಿದ್ದರೆ ಆ ಲೆಕ್ಕ ಇವತ್ತು ಚಿನ್ನ. ಚಳ್ಳಕೆರೆ ಕಡೆಯ ಕಂಬಳಿ ನೇಯುವವರು, ಶೇಂಗಾ ಎಣ್ಣೆ ಗಿರಣಿಗಳು, ಅಮೃತಮಹಲ್ ಕಾವಲು ಅನ್ನುವ ಹುಲ್ಲುಗಾವಲುಗಳಲ್ಲಿ ದನ ಕುರಿ ಮೇಯುತ್ತಿದ್ದ ರೀತಿ, ಗೊಲ್ಲರಹಟ್ಟಿ, ಮ್ಯಾಸಬೇಡರ ಹಟ್ಟಿಗಳ ಹಬ್ಬ. ಕಾವಲಿನ ಎಷ್ಟೋ ಭಾಗ ಈಗ ಬೇಲಿಯ ಒಳಗಿದೆ, ಸಂಶೋಧನಾ ಸಂಸ್ಥೆಗಳು ಬಂದಿವೆ. ಮೊದಲು ಅಲ್ಲಿ ಹೇಗಿತ್ತು ಅಂತ ಅದೇ ಊರಿನ ಹುಡುಗ ಬರೆದಿಟ್ಟಿದ್ದರೆ ಅದಕ್ಕೆ ಸಾಟಿ ಯಾವುದಿದೆ? ಹಿರಿಯೂರಿನ ಹತ್ತಿರದ ವಾಣಿವಿಲಾಸ ಸಾಗರ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ. ನಡುವಿನ ಅಷ್ಟೂ ವರ್ಷ ಅಚ್ಚುಕಟ್ಟಿನ ರೈತರು ಏನು ಬೆಳೆದರು, ಯಾವಾಗ ಅಡಿಕೆ ತೋಟ ಒಣಗಿತು, ಯಾವಾಗ ಟ್ಯಾಂಕರ್ ನೀರು ಹೊಡೆಸಿದರು ಅಂತ ಹಿರಿಯೂರಿನ ಕಡೆ ಕಾಲೇಜು ಹುಡುಗರು ಬರೆದಿರಲೇಬೇಕು. ಹುಡುಕಿ ನೋಡಿ.

ಕನ್ನಡ ವಿಭಾಗದ ರಿಪೋರ್ಟುಗಳನ್ನು ಎರಡು ಸಲ ನೋಡಿ. ಸ್ಥಳನಾಮ, ಗಾದೆ, ಸೋಬಾನೆ ಪದ, ವೃತ್ತಿಪದಗಳ ಸಂಗ್ರಹ. ಒಬ್ಬ ವಿದ್ಯಾರ್ಥಿ ತನ್ನ ಅಜ್ಜಿಯಿಂದ ಬರೆದುಕೊಂಡ ನಲವತ್ತು ಪದ ಇರುತ್ತವೆ. ಅಜ್ಜಿ ಈಗ ಇಲ್ಲ. ಸಸ್ಯಶಾಸ್ತ್ರ ವಿಭಾಗದ ಹರ್ಬೇರಿಯಂ ಹಾಳೆಗಳನ್ನೂ ಬಿಡಬೇಡಿ. ಒಣಗಿದ ಎಲೆಯ ಪಕ್ಕದಲ್ಲಿ ಊರು, ತಾರೀಖು ಬರೆದ ಚೀಟಿ ಇದ್ದರೆ ಮಾತ್ರ ಅದಕ್ಕೆ ಬೆಲೆ. ಚೀಟಿ ಕಳಚಿದ್ದರೆ ಅಲ್ಲೇ ಹುಡುಕಿ ಅಂಟಿಸಿ. ಎನ್ನೆಸ್ಸೆಸ್ ಏಳು ದಿನದ ಶಿಬಿರದ ವರದಿಗಳಲ್ಲೂ ಊರಿನ ಸಮೀಕ್ಷೆ ಸಿಗುತ್ತದೆ. ಕಾಲೇಜಿನ ವಾರ್ಷಿಕ ಸಂಚಿಕೆಗಳು ಮೊದಲಿನಿಂದ ಕೊನೆಯ ತನಕ ಒಂದೊಂದು ಪ್ರತಿ ಪೂರ್ತಿ ಇರಬೇಕು. ನಡುವೆ ಯಾವ ವರ್ಷದ್ದು ಇಲ್ಲವೋ ಅದನ್ನು ಹಳೇ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಕೇಳಿ. ಸಿಗುತ್ತದೆ, ನನಗೆ ಐದು ಸಿಕ್ಕವು.

ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಬಗ್ಗೆ ಒಂದು ಮಾತು. ನ್ಯಾಕ್ ತಂಡಕ್ಕೆ ತೋರಿಸಲು ಪ್ರಾಜೆಕ್ಟು, ಕ್ಷೇತ್ರಕಾರ್ಯ, ಇಂಟರ್ನ್‌ಶಿಪ್ ಮಾಡಿದ ವಿದ್ಯಾರ್ಥಿಗಳ ಪಟ್ಟಿ ಬೇಕು. ಆದ್ದರಿಂದ ಕಾಲೇಜುಗಳು ಐದು ವರ್ಷದ್ದನ್ನು ಜೋಡಿಸಿಡುತ್ತವೆ. ತಂಡ ಬಂದು ಹೋದ ಮೇಲೆ ಆ ಫೈಲುಗಳೇ ಮೂಲೆಗೆ ಬೀಳುತ್ತವೆ. ನಿಮ್ಮ ಕೋಣೆಯಲ್ಲಿ ಅಂಥ ಫೈಲು ಇದ್ದರೆ ನಿಮ್ಮ ಕೆಲಸದ ಅರ್ಧ ಆಗಲೇ ಆಗಿದೆ. ಅದರೊಳಗಿನ ಪಟ್ಟಿಯನ್ನು ತೆಗೆದುಕೊಳ್ಳಿ.

ಈಗ ಪಟ್ಟಿ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಇದೇ ಮುಖ್ಯ, ಸ್ಕ್ಯಾನ್ ಅಲ್ಲ. ಯಾವ ರಿಪೋರ್ಟನ್ನೂ ಎಸೆಯುವ ಮುಂಚೆ ಎಕ್ಸೆಲ್‌ನಲ್ಲಿ ಒಂದು ಸಾಲು ಬರೆಯಿರಿ. ಶೀರ್ಷಿಕೆ, ವಿದ್ಯಾರ್ಥಿ, ಗೈಡ್, ವಿಭಾಗ, ವರ್ಷ, ಪುಟ, ಯಾವ ಊರಿನ ಬಗ್ಗೆ, ಯಾವ ಬೀರುವಿನಲ್ಲಿ. ಊರಿನ ಹೆಸರಿನ ಕಾಲಂ ಮರೆಯಬೇಡಿ. ಶೀರ್ಷಿಕೆಯಲ್ಲಿ ‘ಗ್ರಾಮೀಣ ಮಹಿಳೆಯರ ಸ್ಥಿತಿಗತಿ: ಒಂದು ಅಧ್ಯಯನ’ ಅಂತಷ್ಟೇ ಇರುತ್ತದೆ, ಊರು ಒಳಗೆಲ್ಲೋ ಇರುತ್ತದೆ. ಮುಂದೆ ಹುಡುಕಿಕೊಂಡು ಬರುವವರು ಊರಿನ ಹೆಸರು ಹಿಡಿದೇ ಬರುತ್ತಾರೆ. ಎಸೆದದ್ದನ್ನೂ ಪಟ್ಟಿಯಲ್ಲಿ ಬಿಡಿ, ಪಕ್ಕದಲ್ಲಿ ‘ವಿಲೇವಾರಿ’ ಅಂತ ಬರೆಯಿರಿ. ಹಾಗೊಂದು ಕೆಲಸ ನಡೆದಿತ್ತು ಅಂತಾದರೂ ಗೊತ್ತಾಗುತ್ತದೆ. ಇಬ್ಬರು ವಿದ್ಯಾರ್ಥಿಗಳು ಕೂತರೆ ದಿನಕ್ಕೆ ನೂರು ಸಾಲು ಕಷ್ಟವಲ್ಲ. ಅಂತಿಮ ವರ್ಷದವರನ್ನು ಕೂರಿಸಿ. ಅಕ್ಕ, ಅಣ್ಣ, ಕೆಲವು ಸಲ ಅಪ್ಪ ಬರೆದ ರಿಪೋರ್ಟೇ ಕೈಗೆ ಸಿಗುತ್ತದೆ. ಆಮೇಲೆ ನೀವು ಹೇಳಬೇಕಾಗಿಲ್ಲ, ಅವರೇ ಜೋಪಾನ ಮಾಡುತ್ತಾರೆ.

ಸ್ಕ್ಯಾನ್ ಮಾಡಿಸಿದರೆ ಸಾಕಾ ಅಂತ ಕೇಳಿದ್ದೀರಿ. ಸಾಕಾಗುವುದಿಲ್ಲ. ರಿಜಿಸ್ಟರುಗಳ ವಿಷಯದಲ್ಲಂತೂ ಮೂಲ ಪುಸ್ತಕ ಇರಲೇಬೇಕು. ರಿಪೋರ್ಟುಗಳಲ್ಲಿ ಆರಿಸಿದವನ್ನು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ, ಪಿಡಿಎಫ್ ಎ ರೂಪದಲ್ಲಿ ಉಳಿಸಿ. ಬಹುಕಾಲ ಇಡಲೆಂದೇ ಮಾಡಿದ ರೂಪ ಅದು. ಫೈಲಿನ ಹೆಸರು ವರ್ಷದಿಂದ ಶುರುವಾಗಲಿ, ಆಮೇಲೆ ವಿಭಾಗ, ಆಮೇಲೆ ಪಟ್ಟಿಯ ಕ್ರಮಸಂಖ್ಯೆ. ಒಂದು ಪ್ರತಿ ಕಾಲೇಜಿನ ಕಂಪ್ಯೂಟರಿನಲ್ಲಿ, ಒಂದು ಹೊರಗಿನ ಹಾರ್ಡ್ ಡಿಸ್ಕಿನಲ್ಲಿ, ಒಂದು ಕಾಲೇಜಿನ ಹೆಸರಿನ ಗೂಗಲ್ ಖಾತೆಯಲ್ಲಿ. ಹಾರ್ಡ್ ಡಿಸ್ಕ್ ಕಂಪ್ಯೂಟರಿನ ಪಕ್ಕದಲ್ಲೇ ಬೇಡ, ಬೇರೆ ಕಟ್ಟಡದಲ್ಲಿರಲಿ. ಸ್ಟ್ಯಾನ್‌ಫರ್ಡಿನ ಕತೆ ಹೇಳಿದ್ದು ಅದಕ್ಕೇ. ನಿಮ್ಮ ಸ್ವಂತ ಖಾತೆಯಲ್ಲಂತೂ ಇಡಲೇಬೇಡಿ. ಮುಂದೆ ಇಂಥ ಫೈಲುಗಳನ್ನು ಜೋಡಿಸಿಟ್ಟು ಹುಡುಕಲು ಡಿಸ್ಪೇಸ್ ಅನ್ನುವ ತಂತ್ರಾಂಶ ಹಾಕಿಸಬಹುದು. ಅದಕ್ಕೆ ದುಡ್ಡು ಕೊಡಬೇಕಿಲ್ಲ, ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳೇ ಬಳಸುತ್ತವೆ. ಆದರೆ ನೋಡಿಕೊಳ್ಳುವವರು ಇಲ್ಲದೆ ಹಾಕಿಸಬೇಡಿ. ಎಕ್ಸೆಲ್ ಪಟ್ಟಿಯೂ ಅಚ್ಚುಕಟ್ಟಾದ ಫೋಲ್ಡರೂ ಇದ್ದರೆ ಸದ್ಯಕ್ಕೆ ಧಾರಾಳವಾಯಿತು.

ಸಿಡಿಗಳನ್ನು ಎಲ್ಲಕ್ಕಿಂತ ಮೊದಲು ತೆಗೆದುಕೊಳ್ಳಿ. ಕಾಗದ ಇನ್ನೂ ಹತ್ತು ವರ್ಷ ಕಾಯುತ್ತದೆ, ಸಿಡಿ ಕಾಯುವುದಿಲ್ಲ. ಬರೆದ ಸಿಡಿಯ ಪದರ ಸೆಕೆಗೆ, ಬೆಳಕಿಗೆ ಹಾಳಾಗುತ್ತದೆ. ಓದುವ ಡ್ರೈವ್ ಇರುವ ಕಂಪ್ಯೂಟರೇ ಈಗ ಅಪರೂಪ. ಯುಎಸ್‌ಬಿಗೆ ಹಾಕುವ ಡ್ರೈವ್ ಒಂದು ತರಿಸಿ, ಎಲ್ಲವನ್ನೂ ನಕಲು ಮಾಡಿ. ತೆರೆದಾಗ ಕನ್ನಡ ಕಾಣದೆ ಇಂಗ್ಲಿಷ್ ಅಕ್ಷರಗಳಿಗೆ ಕೊಂಬು, ಬಾಲ ಬಂದ ಹಾಗೆ ಕಂಡರೆ ಹಾಳಾಗಿದೆ ಅಂತ ಅಳಿಸಬೇಡಿ. ಅದು ‘ನುಡಿ’ ಅಥವಾ ‘ಬರಹ’ ಅನ್ನುವ ಕನ್ನಡ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದು. ಯೂನಿಕೋಡ್ ಬಳಕೆಗೆ ಬರುವ ಮುಂಚೆ ನಾವೆಲ್ಲ ಹಾಗೇ ಟೈಪ್ ಮಾಡುತ್ತಿದ್ದದ್ದು. ಆ ಫಾಂಟ್ ಹಾಕಿದರೆ ಮತ್ತೆ ಕನ್ನಡವಾಗುತ್ತದೆ. ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳೂ ಸಿಗುತ್ತವೆ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಇರುವ ಪದಗಳನ್ನು ಒಮ್ಮೆ ಓದಿ ನೋಡಿ, ತಪ್ಪಾಗುವುದು ಅಲ್ಲೇ. ಮೂಲ ಫೈಲನ್ನೂ ಇಟ್ಟುಕೊಂಡಿರಿ.

ಎಲ್ಲವನ್ನೂ ಇಂಟರ್ನೆಟ್ಟಿಗೆ ಹಾಕಿಬಿಡೋಣ ಅಂತ ಉತ್ಸಾಹ ಬರುತ್ತದೆ. ಇಲ್ಲಿ ಸ್ವಲ್ಪ ತಡೆಯಿರಿ. ರಿಜಿಸ್ಟರಿನ ಒಂದು ಪುಟವೂ ಹೊರಗೆ ಬರಬಾರದು. ಅದರಲ್ಲಿ ಜನರ ಜಾತಿ, ವಯಸ್ಸು, ಅಂಕ ಇದೆ. 2023ರಲ್ಲಿ ವೈಯಕ್ತಿಕ ಮಾಹಿತಿ ರಕ್ಷಣೆಗೆ ಅಂತಲೇ ಕಾಯ್ದೆಯಾಗಿದೆ. ಅದು ಇಲ್ಲದಿದ್ದರೂ ನಮಗೆ ತಿಳಿಯಬೇಕು. ರಿಪೋರ್ಟಿನ ಹಕ್ಕು ಅದನ್ನು ಬರೆದ ವಿದ್ಯಾರ್ಥಿಯದ್ದು. ಕಾಲೇಜಿಗೆ ಸಲ್ಲಿಸಿದ ಮಾತ್ರಕ್ಕೆ ಅದು ಕಾಲೇಜಿನ ಸ್ವತ್ತಾಗುವುದಿಲ್ಲ. ಬರೆದವರು ತೀರಿಕೊಂಡ ಮೇಲೂ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ಪಟ್ಟಿಯನ್ನು ಎಲ್ಲರಿಗೂ ತೆರೆದಿಡಿ. ಪೂರ್ತಿ ರಿಪೋರ್ಟನ್ನು ಗ್ರಂಥಾಲಯದಲ್ಲಿ ಕೂತು ಓದಲು ಕೊಡಿ. ಹೊರಗೆ ಹಾಕಬೇಕಾದರೆ ಬರೆದವರ ಒಪ್ಪಿಗೆ ಪತ್ರ ತೆಗೆದುಕೊಳ್ಳಿ. ಈ ವರ್ಷದಿಂದ ರಿಪೋರ್ಟ್ ಸಲ್ಲಿಸುವಾಗಲೇ ಒಂದು ಒಪ್ಪಿಗೆ ಹಾಳೆಗೆ ಸಹಿ ಹಾಕಿಸಿಕೊಂಡರೆ ಮುಂದಿನವರಿಗೆ ತಾಪತ್ರಯ ಇಲ್ಲ. ಸಮೀಕ್ಷೆಗಳಲ್ಲಿ ಯಾರ ಮನೆಯಲ್ಲಿ ಎಷ್ಟು ಸಾಲ, ಯಾರ ಗಂಡ ಕುಡಿಯುತ್ತಾನೆ ಅಂತೆಲ್ಲ ಹೆಸರು ಸಮೇತ ಇರುತ್ತದೆ. ಅಂಥವುಗಳಲ್ಲಿ ಹೆಸರು ಮುಚ್ಚದೆ ಯಾರಿಗೂ ನಕಲು ಕೊಡಬೇಡಿ. ನಂಬಿ ಬಾಗಿಲು ತೆರೆದು ಮಾತಾಡಿದವರು ಅವರು.

ಇಡುವ ರೀತಿ ಚುಟುಕಾಗಿ ಹೇಳುತ್ತೇನೆ. ಗುಂಡುಪಿನ್ನು, ಸ್ಟೇಪ್ಲರ್ ಪಿನ್ನು ತುಕ್ಕು ಹಿಡಿದಿದ್ದರೆ ಮೆಲ್ಲಗೆ ತೆಗೆದು ಹತ್ತಿ ದಾರದಿಂದ ಕಟ್ಟಿ. ಹರಿದಲ್ಲಿ ಸೆಲ್ಲೋಟೇಪ್ ಹಾಕಬೇಡಿ, ಅದು ಹಳದಿಯಾಗಿ ಅಕ್ಷರವನ್ನೇ ತಿನ್ನುತ್ತದೆ. ಅಂಕಪಟ್ಟಿಗಳಿಗೆ ಲ್ಯಾಮಿನೇಷನ್ ಬೇಡ, ಮತ್ತೆ ಬಿಡಿಸಲು ಬರುವುದಿಲ್ಲ. ಕಬ್ಬಿಣದ ರ‍್ಯಾಕ್ ಗೋಡೆಯಿಂದ ಒಂದು ಗೇಣು ಈಚೆ ಇರಲಿ, ಕೆಳಗಿನ ತಟ್ಟೆ ನೆಲದಿಂದ ಒಂದು ಮೊಳ ಮೇಲಿರಲಿ, ಗೆದ್ದಲು ಹತ್ತುವುದು ಕಣ್ಣಿಗೆ ಬೀಳುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ಒಳಗೆ ಬೆವರಿ ಬೂಷ್ಟು ಬರುತ್ತದೆ. ಹಳೇ ಕಾಲದವರ ಹಾಗೆ ಬಟ್ಟೆಯಲ್ಲಿ ಸುತ್ತುವುದೇ ವಾಸಿ.

ಜಾಗದ ವಿಷಯ ಪ್ರಿನ್ಸಿಪಾಲರ ಹತ್ತಿರ ಹೀಗೆ ಕೇಳಿ. ಇಡೀ ಕೋಣೆ ಬೇಡ. ಗ್ರಂಥಾಲಯದ ಒಂದು ಗೋಡೆ, ಐದಾರು ಬೀರು ಕೊಡಿ ಸಾರ್ ಅನ್ನಿ. ಮೇಲೆ ಹೇಳಿದ ಹಾಗೆ ಆರಿಸಿದರೆ ಅಷ್ಟರಲ್ಲಿ ಹಿಡಿಯುತ್ತದೆ. ಅಡ್ಮಿಷನ್ ರಿಜಿಸ್ಟರು, ಟಿಸಿ ಪುಸ್ತಕ, ಲೆಡ್ಜರುಗಳಿಗೆ ಆಫೀಸಿನಲ್ಲೇ ಬೀಗ ಇರುವ ಬೀರು ಬೇಕು. ಅದಕ್ಕೆ ಎರಡು ಕೀಲಿಕೈ ಮಾಡಿಸಿ. ಒಂದು ಸೂಪರಿಂಟೆಂಡೆಂಟರ ಹತ್ತಿರ, ಒಂದು ಪ್ರಿನ್ಸಿಪಾಲರ ಹತ್ತಿರ ಇರಲಿ. ಪಟ್ಟಿಯ ಒಂದು ಪ್ರಿಂಟನ್ನು ಬೀರುವಿನ ಬಾಗಿಲ ಒಳಗಡೆ ಅಂಟಿಸಿ.